ಹವಾ ಏರದ ಲಾರಿ: ಕೂಡ್ಲಿಗಿ ಹೆದ್ದಾರಿ ಬದಿಯ ಒಂದು ಗ್ಯಾರೇಜಿನಲ್ಲಿ

ರಾಷ್ಟ್ರೀಯ ಹೆದ್ದಾರಿ 50 ಎಂಬುದು ಈಗಿನ ಹೆಸರು. ಕೂಡ್ಲಿಗಿಯ ಹಳೆಯ ಡ್ರೈವರುಗಳ ಬಾಯಲ್ಲಿ ಇದು ಇನ್ನೂ 13ನೇ ನಂಬರ್ ರಸ್ತೆಯೇ. ಸೊಲ್ಲಾಪುರದಿಂದ ಹೊಸಪೇಟೆ, ಚಿತ್ರದುರ್ಗದ ಮೇಲೆ ಮಂಗಳೂರು ಮುಟ್ಟುತ್ತಿದ್ದ ದಾರಿ. ಸಂಡೂರು ಸೀಮೆಯ ಅದಿರು ಹೊತ್ತ ಲಾರಿಗಳು ಇಲ್ಲಿ ಸಾಲುಗಟ್ಟುತ್ತಿದ್ದ ಕಾಲದಲ್ಲಿ ಟೈರಿನವರು, ವೆಲ್ಡಿಂಗಿನವರು, ಲೇತಿನವರು ಎಲ್ಲರಿಗೂ ಕೈತುಂಬ ಕೆಲಸವಿತ್ತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಮುಂದೆ ಗಣಿಗಳು ಷರತ್ತಿನ ಮೇಲೆ ತೆರೆದವು, ಆದರೆ ಆ ಸಾಲು ಹಿಂದಿನಂತೆ ಕಾಣಲಿಲ್ಲ. ಈಗ ಅದಿರಿನ ಜೊತೆಗೆ ಮೆಕ್ಕೆಜೋಳ, ಈರುಳ್ಳಿ, ಸಿಮೆಂಟ್ ಕೂಡ ಇದೇ ದಾರಿಯಲ್ಲಿ ಓಡುತ್ತವೆ. ಧೂಳು ಮಾತ್ರ ಅಷ್ಟೇ ಇದೆ, ಕೆಂಪಗೇ ಇದೆ.

ಆ ಧೂಳು ಲಾರಿಯ ಬ್ರೇಕಿಗೆ ಏನು ಮಾಡುತ್ತದೆ ಎಂದು ನೋಡಬೇಕಾದರೆ ಗ್ಯಾರೇಜಿನಲ್ಲಿ ಒಂದು ಬೆಳಿಗ್ಗೆ ನಿಂತರೆ ಸಾಕು.

ಹತ್ತು ಗಾಲಿಯ ಲಾರಿಯೊಂದು ಬಂದು ನಿಂತಿತು. ಡ್ರೈವರ್ ಇಳಿಯುತ್ತಲೇ, “ಹವಾ ಏರವಲ್ದು ಮಿಸ್ತ್ರಿ, ಕಂಪ್ರೆಸರ್ ಹೋಗೈತೆ. ಹೊಸಾದು ಹಾಕ್ಬಿಡ್ರಿ” ಎಂದ.

“ತಡಿಯಪ್ಪಾ, ಮೊದ್ಲು ನೋಡಾನ” ಎಂದ ಮಿಸ್ತ್ರಿ ಸ್ಪ್ಯಾನರಿಗೆ ಕೈಹಾಕಲಿಲ್ಲ. ಹಿಂದಿನ ಗಾಲಿಗಳಿಗೆ ಮುಂದೊಂದು ಹಿಂದೊಂದು ಕಲ್ಲು ಕೊಡಿಸಿದ. ಹವಾ ಪೂರ್ತಿ ಇಳಿದರೆ ಸ್ಪ್ರಿಂಗ್ ಬ್ರೇಕ್ ತಾನೇ ಹಿಡಿಯುತ್ತದೆ, ನಿಜ. ಆದರೆ ಅದನ್ನೇ ನಂಬಿ ಲಾರಿಯ ಅಡಿಗೆ ನುಗ್ಗಬಾರದು. ಆ ಬ್ರೇಕಿನ ಡಬ್ಬಿಯೊಳಗೆ ಒತ್ತಿಟ್ಟ ಸ್ಪ್ರಿಂಗಿಗೆ ಆಳನ್ನು ಕೊಲ್ಲುವಷ್ಟು ಬಲವಿದೆ. ತಿಳಿಯದವರು ಅದನ್ನು ಬಿಚ್ಚಲೇಬಾರದು.

ಆಮೇಲೆ ಏರ್ ಟ್ಯಾಂಕಿನ ಕೆಳಗಿನ ಡ್ರೈನ್ ತೆರೆಸಿದ. ನೀರು ಬಂದರೆ ಗಾಬರಿಯಿಲ್ಲ, ಒತ್ತಿದ ಗಾಳಿ ತಣ್ಣಗಾದಾಗ ನೀರು ಬಿಡುವುದು ಸಹಜ. ಇಲ್ಲಿ ಬಂದದ್ದು ಕಪ್ಪು ಜಿಡ್ಡು. ಮಿಸ್ತ್ರಿ ಅದನ್ನು ಬೆರಳಲ್ಲಿ ಉಜ್ಜಿ ನೋಡಿ ಏನೂ ಹೇಳಲಿಲ್ಲ.

ಎಂಜಿನ್ ಚಾಲೂ ಮಾಡಿ ಮೀಟರಿನ ಎರಡು ಮುಳ್ಳುಗಳ ಮೇಲೆ ಕಣ್ಣಿಟ್ಟರು. ನನ್ನ ಮಟ್ಟಿಗೆ ಇಡೀ ಪರೀಕ್ಷೆಯ ಜಾಣತನ ಇಲ್ಲಿದೆ. ಒಂದು ಮುಳ್ಳು ಮುಂದಿನ ಬ್ರೇಕಿನದು, ಇನ್ನೊಂದು ಹಿಂದಿನದು. ಒಂದೇ ಹಿಂದೆ ಬಿದ್ದರೆ ಆ ಕಡೆಯ ಪೈಪ್, ವಾಲ್ವ್, ಬೂಸ್ಟರುಗಳಲ್ಲಿ ಹುಡುಕಬೇಕು, ಕಂಪ್ರೆಸರಿಗೆ ಸುಮ್ಮನೆ ಬೈಯಬಾರದು. ಎರಡೂ ಜೊತೆಯಾಗಿ ತೆವಳಿದರೆ ದೋಷ ಹವಾದ ದಾರಿ ಕವಲೊಡೆಯುವ ಮೊದಲೇ ಇದೆ. ಈ ಲಾರಿಯಲ್ಲಿ ಎರಡೂ ತೆವಳಿದವು. ಸುಮಾರು 8 ಬಾರ್ ಮುಟ್ಟಿ ‘ಪುಸ್’ ಎಂದು ಹೆಚ್ಚಿನ ಹವಾ ಬಿಡಬೇಕಾದದ್ದು ಬಹಳ ಹೊತ್ತು 5ರ ಆಸುಪಾಸಿನಲ್ಲೇ ನಿಂತಿತ್ತು.

ಎಂಜಿನ್ ನಿಲ್ಲಿಸಿದರು. ಕ್ಲೀನರ್ ಹುಡುಗ ಬ್ರೇಕ್ ಒತ್ತಿ ಹಿಡಿದ. ಗ್ಯಾರೇಜಿನ ರೇಡಿಯೋ ಬಂದ್ ಮಾಡಿಸಿ ಮಿಸ್ತ್ರಿ ಲಾರಿಯ ಸುತ್ತ ಕಿವಿಗೊಟ್ಟು ನಡೆದ. ಸೋಪಿನ ನೊರೆ ಹಚ್ಚಿದ ಜೋಡಣೆಗಳಲ್ಲಿ ಗುಳ್ಳೆ ಏಳಲಿಲ್ಲ, ಮುಳ್ಳೂ ಇಳಿಯಲಿಲ್ಲ. ಲೀಕ್ ಇಲ್ಲವೆಂದಾಯಿತು. ಮತ್ತೆ ಎಂಜಿನ್ ಚಾಲೂ ಮಾಡಿಸಿ, ಹವಾ ಒಣಗಿಸಿ ಹಂಚುವ ಡಿಡಿಯು ಬಾಯಿಗೆ ಕೈಯಿಟ್ಟು ನೋಡಿದ. ಅದರ ಪರ್ಜ್ ವಾಲ್ವಿನಲ್ಲಿ ಕಸ ಸಿಕ್ಕಿದ್ದರೆ ಎಂಜಿನ್ ಓಡುವಾಗ ಅಲ್ಲಿಂದಲೇ ಹವಾ ಸೋರಿ ಹೋಗುತ್ತದೆ. ಅದೂ ಸರಿಯಿತ್ತು.

ಉಳಿದದ್ದು ಕಂಪ್ರೆಸರಿನ ಒಳಬಾಯಿ ಮತ್ತು ಹೊರಬಾಯಿ. ಒಳಬಾಯಿಯ ಕಡೆ ಎಂಜಿನ್ನಿನ ಏರ್ ಫಿಲ್ಟರ್ ಬಿಚ್ಚಿ ಬಡಿದಾಗ ನೆಲವೆಲ್ಲ ಕೆಂಪಾಯಿತು. ಉಸಿರು ಕಟ್ಟಿದ ಕಂಪ್ರೆಸರ್ ಗಾಳಿಯ ಬದಲು ತನ್ನ ಪಿಸ್ಟನ್ ರಿಂಗುಗಳ ಸಂದಿನಿಂದ ಎಂಜಿನ್ ಆಯಿಲನ್ನು ಎಳೆಯುತ್ತದೆ. ಒತ್ತಿದ ಗಾಳಿ ಹೊರಬಾಯಿಯಲ್ಲಿ 150 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ, ಅದರಲ್ಲಿ ಬೆರೆತ ಆಯಿಲ್ ಸುಟ್ಟು ಡಿಸ್ಚಾರ್ಜ್ ಪೈಪಿನ ಗೋಡೆಗೆ ಅಂಟುತ್ತದೆ. ಪೈಪ್ ಕಿರಿದಾದಷ್ಟೂ ಕಂಪ್ರೆಸರಿಗೆ ಎದುರೊತ್ತಡ ಹೆಚ್ಚು, ಒತ್ತಡ ಹೆಚ್ಚಿದಷ್ಟೂ ಬಿಸಿ ಹೆಚ್ಚು, ಬಿಸಿ ಹೆಚ್ಚಿದಷ್ಟೂ ಆಯಿಲ್ ಸುಡುವುದು ಹೆಚ್ಚು. ಒಮ್ಮೆ ಶುರುವಾದರೆ ತಾನಾಗಿ ನಿಲ್ಲದ ರೋಗ ಇದು.

ಟ್ಯಾಂಕಿನ ಹವಾ ಪೂರ್ತಿ ಬಿಟ್ಟು, ಎಂಜಿನ್ ತಣಿದ ಮೇಲೆ ಪೈಪ್ ಬಿಚ್ಚಿದರು. ಮೊದಲ ತಿರುವಿನಲ್ಲಿ ಹಳೆಯ ಸೌದೆಒಲೆಯ ಹೊಗೆಗೂಡಿನಂತೆ ಕರಿ ಗಟ್ಟಿಯಾಗಿ ಕಟ್ಟಿತ್ತು. ನಡುವೆ ಸಣ್ಣ ಕಿಂಡಿ ಮಾತ್ರ ಉಳಿದಿತ್ತು. ಹೊಸ ಕಂಪ್ರೆಸರ್ ಹಾಕಿ ಇದೇ ಪೈಪ್ ಉಳಿಸಿದ್ದರೆ ಅದೂ ಇದೇ ಹಾದಿ ಹಿಡಿಯುತ್ತಿತ್ತು. ಮಾಲೀಕನ ದುಡ್ಡು ಹೋಗುವುದಿರಲಿ, ನಡುರಸ್ತೆಯಲ್ಲಿ ಹವಾ ಇಲ್ಲದ ಭರ್ತಿ ಲಾರಿಯಲ್ಲಿ ಕೂತಿರುವವನು ಡ್ರೈವರ್.

ಹಾಗೆಂದು ಕಂಪ್ರೆಸರ್ ಯಾವಾಗಲೂ ನಿರಪರಾಧಿಯಲ್ಲ. ಒಳಬಾಯಿಗೆ ಅಂಗೈ ಹಿಡಿದಾಗ ಎಳೆಯಬೇಕಾದ ಗಾಳಿ ತಿರುಗಿ ಉಗಿದರೆ ರೀಡ್ ವಾಲ್ವ್ ಮುರಿದಿದೆ. ನೀರಿನಿಂದ ತಣಿಯುವ ಕಂಪ್ರೆಸರಾದರೆ, ರೇಡಿಯೇಟರಿನಲ್ಲಿ ಗುಳ್ಳೆ ಎದ್ದಾಗ ಅದರ ಹೆಡ್ ಗ್ಯಾಸ್ಕೆಟನ್ನೂ ನೋಡಬೇಕು. ಆಯಿಲ್ ತಿರುಗಿ ಎಂಜಿನ್ನಿಗೆ ಇಳಿಯುವ ದಾರಿ ಕಟ್ಟಿದ್ದರೂ ಟ್ಯಾಂಕಿನಲ್ಲಿ ಜಿಡ್ಡು ಬರುತ್ತದೆ. ಇಲ್ಲಿ ಹೆಡ್ ತೆಗೆದು ನೋಡಿದಾಗ ವಾಲ್ವ್ ತಟ್ಟೆಗೆ ಮಸಿ ಹಿಡಿದಿತ್ತು, ಮುರಿದಿರಲಿಲ್ಲ. ತೊಳೆದು, ಹೊಸ ಗ್ಯಾಸ್ಕೆಟ್ ಇಟ್ಟು ಕೂಡಿಸಿದರು.

ಕೂಡ್ಲಿಗಿ ಮತ್ತು ಸುತ್ತಲಿನ ತಾಲ್ಲೂಕುಗಳ ರಸ್ತೆಗಳು ಕಂಪ್ರೆಸರಿಗೆ ಬಿಡುವು ಕೊಡುವಂಥವಲ್ಲ. ಕೊಟ್ಟೂರಿನ ಪೇಟೆಯಲ್ಲಿ, ಅದರಲ್ಲೂ ಜಾತ್ರೆಯ ದಿನಗಳಲ್ಲಿ, ಹೆಜ್ಜೆಗೊಂದು ಬ್ರೇಕ್. ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಮೇಲೆ ಹರಿಹರಕ್ಕೆ ಹೋಗುವ ದಾರಿಯಲ್ಲಿ ಊರೂರಿಗೆ ಉಬ್ಬು. ಹಡಗಲಿ ಕಡೆ ಹೊಲದಿಂದ ಜೋಳ ತುಂಬಿಕೊಂಡು ಬರುವ ಲಾರಿ ಮಣ್ಣುದಾರಿಯಲ್ಲೇ ಅರ್ಧ ಉಸಿರಾಡುತ್ತದೆ. 2021ರಲ್ಲಿ ಇವೆಲ್ಲ ಹೊಸ ವಿಜಯನಗರ ಜಿಲ್ಲೆಗೆ ಸೇರಿದವು. ಜಿಲ್ಲೆ ಯಾವುದಾದರೂ ಫಿಲ್ಟರ್ ಬಡಿಯಲು, ಟ್ಯಾಂಕ್ ತೆರೆಯಲು ಬೆಳಿಗ್ಗೆ ಸ್ವಲ್ಪ ಹೊತ್ತು ಬೇಕು. ಬಾಡಿಗೆಯ ಅವಸರದಲ್ಲಿ ಮಾಲೀಕರು ಆ ಹೊತ್ತನ್ನೂ ಡ್ರೈವರಿಂದ ಕಿತ್ತುಕೊಳ್ಳಬಾರದು. ಮೀಟರಿನ ಬಜರ್ ಕೂಗುತ್ತಿರುವಾಗ ಲಾರಿ ಎಬ್ಬಿಸು ಎನ್ನುವುದು ಆ ಡ್ರೈವರಿನ ಜೀವದ ಜೊತೆ, ಎದುರಿಗೆ ಬೈಕಿನಲ್ಲಿ ಬರುವವರ ಜೀವದ ಜೊತೆ ಆಡುವ ಆಟ.

ಹೊಸ ಪೈಪ್, ಹೊಸ ಫಿಲ್ಟರ್ ಕೂಡಿಸಿ ಎಂಜಿನ್ ಎತ್ತಿದಾಗ ಎರಡೂ ಮುಳ್ಳು ಸರಸರ ಏರಿ 8ರ ಹತ್ತಿರ ಡಿಡಿಯು ‘ಪುಸ್’ ಎಂದಿತು. ಮಿಸ್ತ್ರಿ ಅಷ್ಟಕ್ಕೇ ಬಿಡಲಿಲ್ಲ. ಆಯಿಲ್ ಹಿಡಿದ ಡಿಡಿಯು ಡಬ್ಬಿ ಗಾಳಿಯ ನೀರು ಹೀರುವುದಿಲ್ಲವೆಂದು ಅದನ್ನೂ ಬದಲಿಸಿದ, ಟ್ಯಾಂಕುಗಳನ್ನು ಮತ್ತೆ ಖಾಲಿ ಮಾಡಿಸಿದ. ಡ್ರೈವರಿಗೆ ಹೇಳಿದ್ದು ಇಷ್ಟು: “ನಾಕು ದಿನ ದಿನಾ ಬೆಳಿಗ್ಗೆ ಡ್ರೈನ್ ತೆಗ್ದು ಅಂಗೈಯಾಗ ಹಿಡ್ದು ನೋಡು. ನೀರು ಬಂದ್ರ ನಡೀಲಿ. ಮತ್ತ ಆಯಿಲ್ ಬಂದ್ರ ರಿಂಗ್ ಹೋಗ್ಯಾವ ಅಂತ ತಿಳ್ಕೊ, ಲೋಡ್ ಇಳಿಸಿ ಸೀದಾ ಇಲ್ಲಿಗೆ ಬಾ. ಆವಾಗ ಕಂಪ್ರೆಸರ್ ಬಿಚ್ಚಾನ.”