ಗೇಮ್ ಕುಸಿಯುವ ಜಾಗ, ದೋಷವಿರುವ ಜಾಗ

ಕಂಪ್ಯೂಟರಿನಲ್ಲಿ ಆಡುತ್ತಿರುವ ಗೇಮ್ ನಡುವೆಯೇ ತಟ್ಟನೆ ಮುಚ್ಚಿಹೋಗುವುದಕ್ಕೆ ಕ್ರ್ಯಾಶ್ ಎಂದು ಹೆಸರು. ಯಾವುದೇ ಪ್ರೋಗ್ರಾಂ ತನಗೆ ಸೇರದ ಮೆಮೊರಿಯ ಭಾಗಕ್ಕೆ ಕೈಹಾಕಿದಾಗ ಅಥವಾ ತಾನು ನಿಭಾಯಿಸಲಾಗದ ಸ್ಥಿತಿಗೆ ಸಿಲುಕಿದಾಗ, ಉಳಿದ ಕೆಲಸಗಳಿಗೆ ಧಕ್ಕೆ ತಗುಲದಿರಲೆಂದು ವಿಂಡೋಸ್‌ನಂತಹ ಆಪರೇಟಿಂಗ್ ಸಿಸ್ಟಂ ಅದನ್ನು ಬಲವಂತವಾಗಿ ನಿಲ್ಲಿಸುತ್ತದೆ. ಆಗ ತೆರೆಯ ಮೇಲೆ ಮೂಡುವ ಸಂದೇಶವು ಗೇಮ್ ಎಲ್ಲಿ ಕುಸಿಯಿತೆಂಬುದನ್ನು ತಿಳಿಸುತ್ತದೆ. ಏಕೆ ಕುಸಿಯಿತೆಂಬುದು ಬಹುಮಟ್ಟಿಗೆ ಅದಕ್ಕೂ ತಿಳಿದಿರುವುದಿಲ್ಲ. ಈ ವ್ಯತ್ಯಾಸವನ್ನು ಮರೆತವರು ಎಷ್ಟು ದೂರ ದಾರಿ ತಪ್ಪಬಹುದೆಂಬುದಕ್ಕೆ ಇಂಟೆಲ್ ಕಂಪನಿಯ 13 ಮತ್ತು 14ನೆಯ ಪೀಳಿಗೆಯ ಪ್ರೊಸೆಸರ್‌ಗಳ ಪ್ರಕರಣಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

ಈ ಪ್ರೊಸೆಸರ್‌ಗಳು ಕ್ರಮವಾಗಿ 2022 ಮತ್ತು 2023ರ ಅಕ್ಟೋಬರ್‌ನಲ್ಲಿ ಮಾರುಕಟ್ಟೆಗೆ ಬಂದವು. ಇವುಗಳಲ್ಲಿ ಅತ್ಯಂತ ವೇಗದ ಮಾದರಿಗಳನ್ನು ಕೊಂಡವರಿಗೆ, ಅನ್‌ರಿಯಲ್ ಎಂಜಿನ್ ಎಂಬ ತಂತ್ರಾಂಶದ ಮೇಲೆ ಕಟ್ಟಿದ ಗೇಮ್‌ಗಳನ್ನು ತೆರೆಯುವಾಗ, ವಿಡಿಯೊ ಮೆಮೊರಿ ಸಾಲದೆಂಬ ಸಂದೇಶ ಮತ್ತೆಮತ್ತೆ ಎದುರಾಗತೊಡಗಿತು. ವಿಡಿಯೊ ಮೆಮೊರಿ ಇರುವುದು ಗ್ರಾಫಿಕ್ಸ್ ಕಾರ್ಡಿನಲ್ಲಿ. ಆದುದರಿಂದ ಸಂಶಯವೆಲ್ಲ ಸಹಜವಾಗಿಯೇ ಅದರ ಮೇಲೆ ಬಿದ್ದಿತು. ಆದರೆ 24 ಜಿಬಿ ಮೆಮೊರಿಯ ಕಾರ್ಡ್ ಇದ್ದವರಿಗೂ ಅದೇ ಸಂದೇಶ ಕಾಣಿಸುತ್ತಿತ್ತು. ನಿಜವಾಗಿ ನಡೆಯುತ್ತಿದ್ದುದೇ ಬೇರೆ. ಬೆಳಕು, ನೆರಳು, ಬಣ್ಣಗಳನ್ನು ಲೆಕ್ಕಹಾಕುವ ಶೇಡರ್ ಎಂಬ ಕಿರು ಪ್ರೋಗ್ರಾಂಗಳನ್ನು ಗೇಮ್‌ನ ಫೈಲುಗಳಲ್ಲಿ ಒತ್ತಿ ಕಿರಿದುಗೊಳಿಸಿ ಇಟ್ಟಿರುತ್ತಾರೆ. ಅವನ್ನು ಬಿಡಿಸುವ ಕೆಲಸ ಪ್ರೊಸೆಸರಿನದು. ಆ ಕೆಲಸದಲ್ಲಿ ಒಂದೇ ಒಂದು ಬಿಟ್ ತಪ್ಪಿದರೂ ಮುಂದಿನ ದತ್ತಾಂಶವೆಲ್ಲ ಕೆಡಬಹುದು. ಹೀಗೆ ಕೆಟ್ಟ ದತ್ತಾಂಶವನ್ನು ಬಳಸಲಾಗದೆ ಎಂಜಿನ್ ನಿಂತಾಗ, ಅದಕ್ಕೆ ತೋಚಿದ ಕಾರಣ ಮೆಮೊರಿಯ ಕೊರತೆಯಾಗಿತ್ತು.

ಪ್ರೊಸೆಸರ್ ಲೆಕ್ಕ ತಪ್ಪುವುದು ಅಪರೂಪವೆಂದೇ ಎಲ್ಲರ ನಂಬಿಕೆಯಾಗಿದ್ದುದರಿಂದ ಸತ್ಯ ಹೊರಬರಲು ಬಹುಕಾಲ ಹಿಡಿಯಿತು. ಪ್ರೊಸೆಸರಿನೊಳಗೆ ಅದರ ನಡವಳಿಕೆಯನ್ನು ನಿಯಂತ್ರಿಸುವ ಮೈಕ್ರೋಕೋಡ್ ಎಂಬ ಸೂಚನೆಗಳು ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜನ್ನು ಕೇಳುತ್ತಿದ್ದವೆಂದು ಇಂಟೆಲ್ 2024ರ ಜುಲೈನಲ್ಲಿ ತಿಳಿಸಿತು. ಪ್ರತಿ ಹೆಜ್ಜೆಗೂ ತಾಳ ಒದಗಿಸುವ ಗಡಿಯಾರ ಮಂಡಲವೊಂದು ಹೆಚ್ಚಿನ ವೋಲ್ಟೇಜ್ ಮತ್ತು ಶಾಖಕ್ಕೆ ಸಿಕ್ಕಿ ಕ್ರಮೇಣ ಸವೆಯುತ್ತಿದ್ದುದು ಬಳಿಕ ಸ್ಪಷ್ಟವಾಯಿತು. ವೋಲ್ಟೇಜಿಗೆ 1.55 ವೋಲ್ಟ್‌ಗಳ ಮಿತಿ ಹಾಕುವ ತಿದ್ದುಪಡಿ ಆಗಸ್ಟ್‌ನಲ್ಲಿ ಬಂದಿತು. ಅದನ್ನು ಮದರ್‌ಬೋರ್ಡಿನ ಮೂಲ ತಂತ್ರಾಂಶವಾದ ಬಯೋಸ್‌ನ ಅಪ್‌ಡೇಟ್ ಮೂಲಕ ಹಾಕಿಕೊಳ್ಳಬೇಕು. ಇಲ್ಲಿ ಬಳಕೆದಾರರು ಅರಿಯಲೇಬೇಕಾದ ಮಾತೆಂದರೆ, ತಿದ್ದುಪಡಿಯು ಮುಂದಿನ ಸವೆತವನ್ನು ತಡೆಯಬಲ್ಲದೇ ವಿನಾ ಈಗಾಗಲೇ ಸವೆದ ಪ್ರೊಸೆಸರನ್ನು ಸರಿಪಡಿಸಲಾರದು. ಅಂಥದನ್ನು ಬದಲಿಸಿಕೊಳ್ಳುವುದೊಂದೇ ದಾರಿ. ಕಂಪನಿ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿದ್ದು ಈ ಕಾರಣಕ್ಕಾಗಿಯೇ.

ಹಾಗೆಂದು ಪ್ರತಿ ಕ್ರ್ಯಾಶ್‌ಗೂ ಪ್ರೊಸೆಸರನ್ನು ದೂರುವುದು ಮತ್ತೊಂದು ಅವಸರವಾದೀತು. ಒಂದೇ ಗೇಮ್ ಕುಸಿಯುತ್ತಿದ್ದರೆ ದೋಷ ಬಹುಶಃ ಅದರ ಫೈಲುಗಳಲ್ಲಿರುತ್ತದೆ, ಗೇಮ್‌ಗಳನ್ನು ಒದಗಿಸುವ ಸ್ಟೀಮ್‌ನಂತಹ ವ್ಯವಸ್ಥೆಗಳಲ್ಲಿ ಫೈಲುಗಳನ್ನು ತಾಳೆನೋಡಿ ಕೆಟ್ಟವನ್ನು ಮತ್ತೆ ತರಿಸಿಕೊಳ್ಳುವ ಸೌಲಭ್ಯವಿದೆ. ಹಲವು ಗೇಮ್‌ಗಳು ಕುಸಿಯುತ್ತಿದ್ದರೆ ಗ್ರಾಫಿಕ್ಸ್ ಡ್ರೈವರ್, ರ‍್ಯಾಮ್, ಶಾಖ, ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಇವುಗಳತ್ತ ತಿರುಗಬೇಕಾಗುತ್ತದೆ. ರ‍್ಯಾಮನ್ನು ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸುವ ಎಕ್ಸ್‌ಎಂಪಿ ಎಂಬ ಹೊಂದಿಕೆಯನ್ನು ಆಫ್ ಮಾಡಿ ನೋಡುವುದು ಖರ್ಚಿಲ್ಲದ ಪರೀಕ್ಷೆ. ಒಮ್ಮೆಗೆ ಒಂದನ್ನೇ ಬದಲಿಸಬೇಕು. ನಾಲ್ಕನ್ನು ಒಟ್ಟಿಗೆ ಬದಲಿಸಿದಾಗ ಗೇಮ್ ಸರಿಹೋದರೂ ಕಾರಣ ತಿಳಿಯದೆಯೇ ಉಳಿಯುತ್ತದೆ. ವಿಂಡೋಸ್‌ನ ರಿಲಯಬಿಲಿಟಿ ಮಾನಿಟರ್ ಪ್ರತಿ ಕ್ರ್ಯಾಶ್‌ನ ದಿನ ಮತ್ತು ಹೊತ್ತನ್ನು ದಾಖಲಿಸುವುದರಿಂದ, ಯಾವ ಬದಲಾವಣೆಯ ನಂತರ ತೊಂದರೆ ಶುರುವಾಯಿತೆಂದು ಹೋಲಿಸಿ ನೋಡಲು ಅದು ನೆರವಾಗುತ್ತದೆ.

ಪ್ರೊಸೆಸರಿನ ಮೇಲಿನ ಶಂಕೆಯನ್ನು ಬಲಪಡಿಸುವ ಸುಳಿವು ಗೇಮ್‌ನ ಹೊರಗೂ ಸಿಗುತ್ತದೆ: ಡ್ರೈವರ್ ಇನ್‌ಸ್ಟಾಲ್ ಮಾಡುವಾಗ ಅಥವಾ ಜಿಪ್ ಫೈಲ್ ಬಿಡಿಸುವಾಗ ಕಾರಣವಿಲ್ಲದೆ ತಪ್ಪುಗಳು ಕಾಣಿಸಿಕೊಂಡು, ಅದೇ ಫೈಲು ಇನ್ನೊಂದು ಕಂಪ್ಯೂಟರಿನಲ್ಲಿ ಸರಾಗವಾಗಿ ತೆರೆದುಕೊಳ್ಳುವುದು. ಆಗ ಬಯೋಸ್‌ನಲ್ಲಿ ಪ್ರೊಸೆಸರಿನ ಗರಿಷ್ಠ ವೇಗವನ್ನು ಒಂದೆರಡು ಮೆಟ್ಟಿಲು ತಗ್ಗಿಸಿ ನೋಡಬಹುದು. ಅದರಿಂದ ಕ್ರ್ಯಾಶ್ ನಿಂತುಹೋದರೆ ಅದನ್ನು ಪರಿಹಾರವೆಂದು ತಿಳಿದು ಸುಮ್ಮನಾಗದೆ, ವಾರಂಟಿ ಕೇಳುವಾಗ ಮುಂದಿಡಬೇಕಾದ ಪುರಾವೆಯೆಂದು ಬರೆದಿಟ್ಟುಕೊಳ್ಳುವುದು ಸರಿ.