ಒಂದೇ ತಂತಿ, ಎರಡು ಫೋನು

ಕೊಪ್ಪಳ 08539, ಗಂಗಾವತಿ 08533, ಕುಷ್ಟಗಿ 08536, ಯಲಬುರ್ಗಾ 08534. ನಾಲ್ಕೂ ರಾಯಚೂರಿನ 08532ರ ಒಡಹುಟ್ಟುಗಳು. 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾದರೂ ಟೆಲಿಫೋನಿನವರ ಲೆಕ್ಕದಲ್ಲಿ ಮನೆ ಪಾಲಾಗಲೇ ಇಲ್ಲ. ಅಡತಿ ಅಂಗಡಿಯ ಬೋರ್ಡುಗಳ ಮೇಲೆ ಈ ಅಂಕಿಗಳು ಇಂದಿಗೂ ಮಾಸಲಾಗಿ ಕಾಣುತ್ತವೆ. ಹಚ್ಚಿದರೆ ಬಹುಪಾಲು ಗಂಟೆಯೇ ಬಾರಿಸುವುದಿಲ್ಲ.

ಒಂದು ಕಾಲಕ್ಕೆ ನಮ್ಮ ಕಡೆಯ ಕೆಲವು ಕಚೇರಿಗಳ ಮೇಜಿನ ಮೇಲೆ ಎರಡೆರಡು ಫೋನಿರುತ್ತಿದ್ದವು. ಒಂದು ಊರ ಫೋನು, ಇನ್ನೊಂದು ಕಚೇರಿಯೊಳಗಿನದು. ‘ಅದು ಬ್ಯಾಡ್ರಿ, ಆ ಫೋನಿಗೆ ಹಚ್ರಿ’ ಎನ್ನುವ ಮಾತು ಸಾಮಾನ್ಯ. ಸಾಹೇಬರ ದೊಡ್ಡಸ್ತಿಕೆಗೆ ಎರಡು ಇಟ್ಟಿದ್ದಾರೆಂದು ಜನ ತಿಳಿದಿದ್ದರೆ ತಪ್ಪೇನಿಲ್ಲ. ಅಸಲು ಕಾರಣ ಕಾಯ್ದೆಯಲ್ಲಿತ್ತು.

ಕಥೆ ಕಿತ್ತೂರಿನಿಂದ ಶುರುವಾಗುತ್ತದೆ. ಸ್ಯಾಮ್ ಪಿತ್ರೋಡಾ ಮುಂದಾಳುತನದಲ್ಲಿ 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ ತನ್ನ ಮೊದಲ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜನ್ನು 1986ರ ಜುಲೈನಲ್ಲಿ ಕೂಡಿಸಿದ್ದು ಅಲ್ಲಿ. 128 ಪೋರ್ಟುಗಳ ಸಣ್ಣ ಯಂತ್ರ. ಪರದೇಶದ ಎಕ್ಸ್‌ಚೇಂಜುಗಳು ಎಸಿ ಕೋಣೆ ಬೇಡುತ್ತಿದ್ದಾಗ ಇದು ಧೂಳು, ಸೆಕೆ ತಡೆದುಕೊಂಡು ಓಡುವಂತೆ ಮಾಡಿದ್ದು. ನಮ್ಮ ಎಪ್ರಿಲ್ ಬಿಸಿಲು ಕಂಡವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಈ ಯಂತ್ರದ ಹೊಟ್ಟೆಯಲ್ಲಿ ನಡೆಯುತ್ತಿದ್ದುದನ್ನು ನೋಡಿ. ಮಾತನ್ನು ಸೆಕೆಂಡಿಗೆ 8000 ಸಲ ಅಳೆದು, ಪ್ರತಿ ಅಳತೆಯನ್ನೂ 8 ಬಿಟ್‌ಗಳಲ್ಲಿ ಬರೆದುಕೊಳ್ಳುತ್ತಿತ್ತು. ಗುಣಿಸಿದರೆ ಒಂದು ಕರೆಗೆ ಸೆಕೆಂಡಿಗೆ 64 ಕಿಲೋಬಿಟ್. ಮುಂದೆ ಬ್ಯಾಂಕುಗಳು ಕಂಪ್ಯೂಟರ್ ಜೋಡಿಸಲು ಬಾಡಿಗೆಗೆ ಪಡೆದ ಲೀಸ್ಡ್ ಲೈನಿನ ಅಳತೆಯೂ ಅದೇ 64! ಮಾತು ಒಮ್ಮೆ ಅಂಕಿಯಾದ ಮೇಲೆ ಅದಕ್ಕೂ ಲೆಡ್ಜರಿಗೂ ತಂತಿಯ ಮಟ್ಟಿಗೆ ಭೇದವಿಲ್ಲ.

ಮಧ್ಯದ ವರ್ಷಗಳು ಮೋಡೆಮ್, ಟೆಂಡರು, ಫ್ಲಾಪಿಗಳಲ್ಲಿ ಸವೆದವು, ಅದನ್ನು ಬಿಟ್ಟುಬಿಡೋಣ. 1999ರಲ್ಲಿ ಸಿಸ್ಕೊ ಕಂಪನಿ ಸಣ್ಣ ಶಾಖಾ ಕಚೇರಿಗಳಿಗೆಂದೇ 1750 ಎಂಬ ರೌಟರ್ ತಂದಿತು. ಅದರ ಹಿಂಬದಿಗೆ ಕಾರ್ಡು ಸಿಕ್ಕಿಸಿ ಮಾಮೂಲಿ ಫೋನನ್ನೇ ಅದಕ್ಕೆ ಜೋಡಿಸಬಹುದಿತ್ತು. ಮಾತನ್ನು 8 ಕಿಲೋಬಿಟ್‌ಗೆ ಹಿಂಡಿ, ಖಾತೆಯ ಲೆಕ್ಕದ ಜೊತೆಗೇ ಅದೇ ತಂತಿಯಲ್ಲಿ ಕಳಿಸಲು ಬರುತ್ತಿತ್ತು. ಮಾತು ತಡವಾದರೆ ಸಂಭಾಷಣೆ ಕೆಡುತ್ತದೆ, ಲೆಕ್ಕ ಅರೆಗಳಿಗೆ ಕಾದರೂ ನಡೆಯುತ್ತದೆ. ಆದ್ದರಿಂದ ಮಾತಿಗೆ ಮೊದಲ ದಾರಿ. ಪ್ರಧಾನ ಕಚೇರಿಗೆ ಎಷ್ಟು ಮಾತಾಡಿದರೂ ಎಸ್‌ಟಿಡಿ ಬಿಲ್ ಇಲ್ಲ.

ಜಗಳ ಹುಟ್ಟಿದ್ದು ಇಲ್ಲೇ. ಕೊಪ್ಪಳದ ಶಾಖೆಯಿಂದ ಕಚೇರಿಯ ತಂತಿಯಲ್ಲಿ ಬೆಂಗಳೂರು ಮುಟ್ಟಿ, ಅಲ್ಲಿಂದ ಊರ ಫೋನಿಗೆ ದಾಟಿದರೆ ಎಸ್‌ಟಿಡಿ ಕರೆ ಲೋಕಲ್ ಆಗಿಬಿಡುತ್ತದೆ. ಸರ್ಕಾರದ ಬೊಕ್ಕಸಕ್ಕೆ ಖೋತಾ. 1885ರ ಟೆಲಿಗ್ರಾಫ್ ಕಾಯ್ದೆಯ ನೆರಳಲ್ಲಿ ಬೆಳೆದ ನಿಯಮಗಳು ಖಡಾಖಂಡಿತವಾಗಿದ್ದವು: ಖಾಸಗಿ ಜಾಲದ ಕರೆಯನ್ನು ಸಾರ್ವಜನಿಕ ಜಾಲಕ್ಕೆ ಕೂಡಿಸಬಾರದು. ಅದಕ್ಕೇ ಮೇಜಿನ ಮೇಲೆ ಎರಡು ಫೋನು. 2002ರ ಎಪ್ರಿಲ್‌ನಲ್ಲಿ ಇಂಟರ್‌ನೆಟ್ ಫೋನಿಗೆ ಒಪ್ಪಿಗೆ ಸಿಕ್ಕಿತಾದರೂ ಊರ ಫೋನಿನ ಹತ್ತಿರ ಅದು ಸುಳಿಯುವಂತಿರಲಿಲ್ಲ. ಕೂಡಿಸಲೆಂದೇ ಕಟ್ಟಿದ ಪೆಟ್ಟಿಗೆಯನ್ನು ದುಡ್ಡು ಕೊಟ್ಟು ತಂದು, ಕೂಡದಂತೆ ಕಾಯುವುದಕ್ಕೆ ಮತ್ತೆ ದುಡ್ಡು ಸುರಿದೆವು. ಇದನ್ನು ನೆನೆದಾಗೆಲ್ಲ ನನಗೆ ಸಿಟ್ಟು ಬರುತ್ತದೆ.

ತಮಾಷೆಯೆಂದರೆ ಸರ್ಕಾರವೇ ತನಗಾಗಿ ಅದೇ ಕೂಡುಜಾಲ ಕಟ್ಟಿಕೊಂಡಿತು. 2005ರ ಮಾರ್ಚ್‌ನಲ್ಲಿ ಕೇಂದ್ರ ಮಂಜೂರು ಮಾಡಿದ ರಾಜ್ಯವ್ಯಾಪಿ ಜಾಲದ ಯೋಜನೆಯಲ್ಲಿ ತಾಲ್ಲೂಕು ಮಟ್ಟದವರೆಗೂ ಕನಿಷ್ಠ 2 ಮೆಗಾಬಿಟ್. ದತ್ತಾಂಶ, ಮಾತು, ವಿಡಿಯೊ ಮೂರೂ ಒಟ್ಟಿಗೆ. ನಮ್ಮ ರಾಜ್ಯದಲ್ಲಿ ಕೆ-ಸ್ವಾನ್ ಎಂಬ ಹೆಸರಲ್ಲಿ ಅದು ಜಿಲ್ಲಾ ಕೇಂದ್ರಗಳಿಂದ ತಾಲ್ಲೂಕು ಕೇಂದ್ರಗಳಿಗೆ ಇಳಿಯಿತು. ಅದೇ ವರ್ಷದ ಜನವರಿಯಲ್ಲಿ ಬಿಎಸ್ಸೆನ್ನೆಲ್ ಬ್ರಾಡ್‌ಬ್ಯಾಂಡ್ ಶುರುವಾಗಿತ್ತು. ಸಣ್ಣದೊಂದು ಸ್ಪ್ಲಿಟರ್ ಡಬ್ಬಿ, ಒಂದು ಕಿಂಡಿ ಫೋನಿಗೆ, ಇನ್ನೊಂದು ಮೋಡೆಮಿಗೆ. ಮಾತು 4 ಕಿಲೋಹರ್ಟ್ಸ್ ಒಳಗೆ, ಇಂಟರ್‌ನೆಟ್ ಅದರ ಮೇಲೆ. ಎಕ್ಸ್‌ಚೇಂಜಿನಿಂದ ದೂರವಾದಷ್ಟೂ ವೇಗ ಇಳಿಯುತ್ತಿದ್ದುದರಿಂದ ಪೇಟೆಯೊಳಗಿನವರಿಗೆ ಅದೃಷ್ಟ, ಹೊರವಲಯದ ರೈಸ್ ಮಿಲ್ಲಿನವರಿಗೆ ಪರದಾಟ.

2018ರ ಜೂನ್‌ನಲ್ಲಿ ಇಂಟರ್‌ನೆಟ್ ಕರೆ ಊರ ಫೋನನ್ನೂ ಮೊಬೈಲನ್ನೂ ಮುಟ್ಟಬಹುದೆಂದು ದೂರಸಂಪರ್ಕ ಇಲಾಖೆ ಒಪ್ಪಿತು. ಅಷ್ಟರಲ್ಲಿ ಗುಮಾಸ್ತರಿಂದ ಹಿಡಿದು ಎಲ್ಲರೂ ವಾಟ್ಸ್‌ಆ್ಯಪ್‌ನಲ್ಲಿ ಮಾತಾಡುತ್ತಿದ್ದರು. ಊರ ಫೋನು ಮೂಲೆ ಸೇರಿತ್ತು.

ಈಗ ಫೈಬರ್ ಬಂದಿದೆ, ಒಂದೇ ಪೆಟ್ಟಿಗೆಯಲ್ಲಿ ಫೋನೂ ನೆಟ್ಟೂ. ಹಳೆಯ ತಾಮ್ರದ ತಂತಿಗೆ ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಯಿಂದಲೇ ಕರೆಂಟು ಬರುತ್ತಿತ್ತು. ಕಚೇರಿ ಕತ್ತಲಾದರೂ ಫೋನು ಜೀವಂತ. ಹೊಸ ಪೆಟ್ಟಿಗೆಗೆ ಕಚೇರಿಯ ಕರೆಂಟೇ ಬೇಕು. ಯುಪಿಎಸ್ ಕೈಕೊಟ್ಟರೆ ಕೌಂಟರಿನಲ್ಲಿ ‘ಲಿಂಕ್ ಇಲ್ರಿ, ನಾಳೆ ಬರ್ರಿ’ ಎನ್ನುತ್ತಾರೆ. ಅದನ್ನು ಮೇಲಿನವರಿಗೆ ತಿಳಿಸಬೇಕಾದ ಮ್ಯಾನೇಜರು ತಮ್ಮ ಸ್ವಂತ ಮೊಬೈಲ್ ಹಿಡಿದು ಸಿಗ್ನಲ್ ಹುಡುಕುತ್ತ ಹೊರಗೆ ಬರುತ್ತಾರೆ.