ನೋವಿಲ್ಲವೆಂದು ಮರೆಯದಿರೋಣ: ಮಿದುಳಿನ ಅನ್ಯೂರಿಸಂ ಚಿಕಿತ್ಸೆಯ ನಂತರದ ಮರುಚಿತ್ರಣ

ಕಳೆದ ಕಾರ್ತಿಕ ಮಾಸದ ಒಂದು ಸಂಜೆ ಜಯನಗರದ ನನ್ನ ಚಿಕಿತ್ಸಾಲಯಕ್ಕೆ ಬನಶಂಕರಿಯ ನಿವೃತ್ತ ಶಿಕ್ಷಕಿಯೊಬ್ಬರು ಬಂದಿದ್ದರು. ಶ್ರೀಮಠದ ಭಕ್ತರು, ಎರಡು ವರ್ಷಗಳಿಂದ ಮೊಣಕಾಲು ನೋವಿಗೆ ನನ್ನಲ್ಲಿಯೇ ಔಷಧ ಪಡೆಯುತ್ತಿದ್ದವರು. ಅಂದು ಹೊಸದಾಗಿ ಗುಗ್ಗುಲು ಸೇರಿದ ಔಷಧವೊಂದನ್ನು ಬರೆಯುವ ಮುನ್ನ, "ಬೇರೆ ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ, ಅಮ್ಮ?" ಎಂದು ಕೇಳಿದೆ. "ದಿನಕ್ಕೊಂದು ಆಸ್ಪಿರಿನ್ ಇದೆ ಡಾಕ್ಟರೇ, ತಲೆಯ ಆಪರೇಷನ್ ಆದಾಗಿನಿಂದ" ಎಂದರು. ತಲೆಯ ಆಪರೇಷನ್ ಎಂಬ ಮಾತನ್ನು ನಾನು ಅವರಿಂದ ಕೇಳಿದ್ದು ಅದೇ ಮೊದಲು.

ಮರುದಿನ ಅವರು ತಂದ ಕಡತದಲ್ಲಿ ಎಲ್ಲವೂ ಇತ್ತು. ನಾಲ್ಕು ವರ್ಷಗಳ ಹಿಂದೆ ತಲೆಸುತ್ತಿಗೆಂದು ಮಾಡಿಸಿದ ಸ್ಕ್ಯಾನಿನಲ್ಲಿ ಮಿದುಳಿನ ರಕ್ತನಾಳದ ಒಂದು ಉಬ್ಬು ಆಕಸ್ಮಿಕವಾಗಿ ಕಂಡಿತ್ತು. ಸ್ಟೆಂಟ್ ಇರಿಸಿ, ಕಾಯಿಲ್ ತುಂಬಿ ಅದನ್ನು ಮುಚ್ಚಿದ್ದರು. ಆರು ತಿಂಗಳಿಗೊಮ್ಮೆ, ಹದಿನೆಂಟು ತಿಂಗಳಿಗೊಮ್ಮೆ, ಆ ಬಳಿಕ ವೈದ್ಯರು ಹೇಳಿದಾಗ ಮತ್ತೆ ಚಿತ್ರ ತೆಗೆಸಬೇಕೆಂದು ಬಿಡುಗಡೆ ಪತ್ರದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಮೊದಲನೆಯದು ಆಗಿತ್ತು, ಎರಡನೆಯದು ಆಗಿರಲಿಲ್ಲ. "ತಲೆನೋವಿಲ್ಲ, ದಿನವೂ ಪೂಜೆ ಮುಗಿಸಿ ಮೂರು ಸುತ್ತು ನಡೆಯುತ್ತೇನೆ. ಗುಣವಾದ ಮೇಲೆ ಮತ್ತೇಕೆ?" ಎಂದು ಅವರು ಕೇಳಿದರು.

ತಪ್ಪು ಅವರೊಬ್ಬರದೇ ಅಲ್ಲ. ಎರಡು ವರ್ಷ ಅವರ ನಾಡಿ ಹಿಡಿದವನು ನಾನು. ಹಳೆಯ ಕಾಗದಗಳನ್ನು ಒಮ್ಮೆಯೂ ಕೇಳಿರಲಿಲ್ಲ. ಈ ಲೇಖನವನ್ನು ಬರೆಯಲು ಆ ಪಶ್ಚಾತ್ತಾಪವೇ ಕಾರಣ.

ಏನಿದು ಅನ್ಯೂರಿಸಂ?

ಮಿದುಳಿನ ಬುಡದಲ್ಲಿ ರಕ್ತನಾಳಗಳು ಕವಲೊಡೆಯುವ ಜಾಗಗಳಲ್ಲಿ ನಾಳದ ಗೋಡೆ ದುರ್ಬಲವಾಗಿ, ಹಳೆಯ ಸೈಕಲ್ ಟ್ಯೂಬು ಒಂದೆಡೆ ಉಬ್ಬಿದಂತೆ ಚೀಲದಾಕಾರದಲ್ಲಿ ಹೊರಚಾಚುವುದೇ ಅನ್ಯೂರಿಸಂ. ವಯಸ್ಕರಲ್ಲಿ ನೂರಕ್ಕೆ ಸುಮಾರು 3 ಮಂದಿಯಲ್ಲಿ ಇದು ಇರುತ್ತದೆ. ಅವುಗಳಲ್ಲಿ ಬಹುಪಾಲು ಎಂದೂ ಒಡೆಯುವುದಿಲ್ಲ. ಒಡೆದರೆ ಮಾತ್ರ ಮಿದುಳಿನ ಸುತ್ತ ರಕ್ತ ಹರಡಿ ಪ್ರಾಣಕ್ಕೇ ಸಂಚಕಾರ. ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು. ಧೂಮಪಾನ ಮತ್ತು ಅಧಿಕ ರಕ್ತದೊತ್ತಡ ಇದರ ಇಬ್ಬರು ಮುಖ್ಯ ಪೋಷಕರು.

ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಸಿರಾಗ್ರಂಥಿಯ ವರ್ಣನೆಯಿದೆ. ಅದೇ ಇದು ಎಂದು ಕೆಲವರು ಹೇಳುವುದುಂಟು. ನನಗೆ ಅಷ್ಟು ಧೈರ್ಯವಿಲ್ಲ. ತಲೆಬುರುಡೆಯೊಳಗೆ ಕೆಲವೇ ಮಿಲಿಮೀಟರ್ ಅಳತೆಯಲ್ಲಿ ಅಡಗಿರುವ ಈ ಉಬ್ಬು ನಾಡಿಪರೀಕ್ಷೆಗೆ ಸಿಕ್ಕುವಂಥದಲ್ಲ. ಚರಕಾಚಾರ್ಯರು ಹೃದಯ, ಬಸ್ತಿ, ಶಿರಸ್ಸುಗಳನ್ನು ತ್ರಿಮರ್ಮಗಳೆಂದು ಕರೆದರು. ರೋಗವನ್ನು ಅರಿಯಲು ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನ ಎಂಬ ಮೂರು ದಾರಿಗಳನ್ನು ಹೇಳಿದರು. ಶಿರಸ್ಸಿನ ಈ ವ್ಯಾಧಿಯಲ್ಲಿ ಪ್ರತ್ಯಕ್ಷವೆಂದರೆ ಚಿತ್ರವೇ.

ಮೂರು ಬಗೆಯ ಚಿಕಿತ್ಸೆ

ಮೊದಲನೆಯದು ಕ್ಲಿಪ್. ತಲೆಬುರುಡೆ ತೆರೆದು ಉಬ್ಬಿನ ಕತ್ತಿಗೆ ಪುಟ್ಟ ಲೋಹದ ಚಿಮುಟ ಹಾಕುವ ಈ ವಿಧಾನವನ್ನು 1937ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ ಮೊದಲು ಮಾಡಿದರು. ಎರಡನೆಯದು ಕಾಯಿಲ್. ತೊಡೆಸಂದು ಅಥವಾ ಮಣಿಕಟ್ಟಿನ ರಕ್ತನಾಳದಿಂದ ಸಣ್ಣ ಕೊಳವೆಯನ್ನು ಮಿದುಳಿನವರೆಗೆ ಒಯ್ದು, ಕೂದಲಿನಂಥ ಪ್ಲಾಟಿನಂ ತಂತಿಯ ಸುರುಳಿಗಳನ್ನು ಉಬ್ಬಿನೊಳಗೆ ತುಂಬುತ್ತಾರೆ. ಇಂದು ಬಳಕೆಯಲ್ಲಿರುವ ಬಗೆಯ ಕಾಯಿಲ್ಲನ್ನು ಇಟಲಿಯ ಗುಯಿಡೊ ಗುಲಿಯೆಲ್ಮಿ 1990ರಲ್ಲಿ ಮೊದಲಿಗೆ ರೋಗಿಯಲ್ಲಿ ಬಳಸಿದರು. ಅಗಲ ಬಾಯಿಯ ಉಬ್ಬಾದರೆ ಸುರುಳಿ ಜಾರದಂತೆ ಸ್ಟೆಂಟ್ ಆಸರೆ ಕೊಡುತ್ತಾರೆ. ಮೂರನೆಯದು ಫ್ಲೋ ಡೈವರ್ಟರ್ ಎಂಬ ದಟ್ಟ ಹೆಣಿಗೆಯ ಜಾಲರಿ. ಇದು ರಕ್ತದ ಹರಿವನ್ನು ಉಬ್ಬಿನಿಂದ ಬೇರೆಡೆಗೆ ತಿರುಗಿಸುತ್ತದೆ, ಉಬ್ಬು ಕೆಲವು ತಿಂಗಳುಗಳಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತದೆ.

ಇಂಥ ಚಿಕಿತ್ಸೆಗಾಗಿ ಒಂದು ಕಾಲದಲ್ಲಿ ದೂರದೂರಿಗೆ ಹೋಗಬೇಕಿತ್ತು. ಜಯನಗರ, ಬಿ.ಟಿ.ಎಂ. ಬಡಾವಣೆ, ಜೆ.ಪಿ. ನಗರಗಳ ನಿವಾಸಿಗಳಿಗೆ ಈಗ ಹೊಸೂರು ರಸ್ತೆಯ ನಿಮ್ಹಾನ್ಸ್ ಸಮೀಪದಲ್ಲಿಯೇ ಇದೆ. 1974ರಲ್ಲಿ ರೂಪುಗೊಂಡ, 2012ರಲ್ಲಿ ರಾಷ್ಟ್ರೀಯ ಮಹತ್ವದ ಸಂಸ್ಥೆಯೆನಿಸಿದ ಅಲ್ಲಿ ನರಚಿತ್ರಣ ಮತ್ತು ಇಂಟರ್‌ವೆನ್ಷನಲ್ ರೇಡಿಯಾಲಜಿಗೆಂದೇ ಪ್ರತ್ಯೇಕ ವಿಭಾಗವಿದೆ.

ಮುಚ್ಚಿದ್ದನ್ನು ಮತ್ತೆ ಏಕೆ ನೋಡಬೇಕು?

ಕೆರೆಯ ಏರಿಯಲ್ಲಿ ಬಿರುಕು ಕಂಡಾಗ ಮಣ್ಣು, ಕಲ್ಲು ತುಂಬಿ ಮುಚ್ಚುತ್ತೇವೆ. ಆದರೂ ಮಳೆಗಾಲ ಕಳೆದ ಮೇಲೆ ಊರ ಹಿರಿಯರು ಏರಿಯ ಮೇಲೆ ಒಮ್ಮೆ ನಡೆದು ನೋಡುತ್ತಾರೆ. ನೀರಿನ ಒತ್ತಡ ತುಂಬಿದ ಮಣ್ಣನ್ನು ಕುಗ್ಗಿಸಿರಬಹುದು. ಕಾಯಿಲ್ ತುಂಬಿದ ಉಬ್ಬಿನ ಕತೆಯೂ ಇದೇ. ದಿನಕ್ಕೆ ಸುಮಾರು 1 ಲಕ್ಷ ಬಾರಿ ಮಿಡಿಯುವ ಹೃದಯದ ಒಂದೊಂದು ಅಲೆಯೂ ಆ ಸುರುಳಿಗಳನ್ನು ತಟ್ಟುತ್ತದೆ. ಕೆಲವರಲ್ಲಿ ಸುರುಳಿಗಳು ಒತ್ತೊತ್ತಾಗಿ ಕುಗ್ಗಿ, ಕತ್ತಿನ ಬಳಿ ಮತ್ತೆ ಜಾಗವಾಗಿ, ರಕ್ತ ಒಳನುಗ್ಗುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕಾಯಿಲ್ ಹಾಕಿದ ಐದು ಉಬ್ಬುಗಳಲ್ಲಿ ಸುಮಾರು ಒಂದು ಸ್ವಲ್ಪವಾದರೂ ಮರಳಿ ತೆರೆದುಕೊಂಡಿತ್ತು. ಹತ್ತರಲ್ಲಿ ಒಂದಕ್ಕೆ ಎರಡನೆಯ ಬಾರಿ ಚಿಕಿತ್ಸೆ ಬೇಕಾಯಿತು. ಕ್ಲಿಪ್ಪಿನಲ್ಲಿ ಇದು ಕಡಿಮೆ.

ಇದನ್ನೋದಿ ಗಾಬರಿಯಾಗಬೇಕಿಲ್ಲ. ಅನ್ಯೂರಿಸಂ ಒಡೆದ 2143 ರೋಗಿಗಳಲ್ಲಿ ಕ್ಲಿಪ್ ಮತ್ತು ಕಾಯಿಲ್‌ಗಳನ್ನು ಹೋಲಿಸಿದ ಐ-ಸ್ಯಾಟ್ ಎಂಬ ಅಂತರರಾಷ್ಟ್ರೀಯ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಕೊನೆಗೆ ಪರಾವಲಂಬನೆಯಿಲ್ಲದೆ ಬದುಕುತ್ತಿದ್ದವರು ಕಾಯಿಲ್ ಗುಂಪಿನಲ್ಲಿಯೇ ಹೆಚ್ಚು. ಅದೇ ರೋಗಿಗಳನ್ನು ಸರಾಸರಿ 9 ವರ್ಷ ಗಮನಿಸಿದಾಗ, ಮೊದಲ ವರ್ಷದ ನಂತರ ಚಿಕಿತ್ಸೆಯಾದ ಉಬ್ಬೇ ಮತ್ತೆ ಒಡೆದದ್ದು ಕಾಯಿಲ್ ಗುಂಪಿನಲ್ಲಿ 10 ಮಂದಿಗೆ, ಕ್ಲಿಪ್ ಗುಂಪಿನಲ್ಲಿ 3 ಮಂದಿಗೆ. ಅಪಾಯ ಚಿಕ್ಕದು, ಆದರೆ ಇದೆ. ತೆರೆದುಕೊಂಡ ಉಬ್ಬು ಒಡೆಯುವ ಮೊದಲು ಸಾಮಾನ್ಯವಾಗಿ ಯಾವ ಮುನ್ಸೂಚನೆಯನ್ನೂ ಕೊಡುವುದಿಲ್ಲ. ಆದ್ದರಿಂದ 'ನೋವಿಲ್ಲ' ಎಂಬುದು ಸಮಾಧಾನದ ಮಾತಾದೀತೇ ಹೊರತು ಸಾಕ್ಷ್ಯವಾಗದು.

ಇನ್ನೊಂದು ಕಾರಣವೂ ಇದೆ. ಒಂದು ಉಬ್ಬಿದ್ದವರಲ್ಲಿ ಇನ್ನೊಂದು ಇರಬಹುದು, ಹೊಸದು ಹುಟ್ಟಲೂಬಹುದು. ಬ್ರಿಟನ್ನಿನ ನಟಿ ಎಮಿಲಿಯಾ ಕ್ಲಾರ್ಕ್ ತಮ್ಮ ಅನುಭವವನ್ನು 2019ರಲ್ಲಿ ಬರೆದುಕೊಂಡರು. 2011ರಲ್ಲಿ ಅವರ ಒಂದು ಅನ್ಯೂರಿಸಂ ಒಡೆದು ಚಿಕಿತ್ಸೆಯಾಯಿತು. ಇನ್ನೊಂದು ಚಿಕ್ಕ ಉಬ್ಬನ್ನು ಸ್ಕ್ಯಾನ್ ಮಾಡುತ್ತ ಗಮನಿಸುವುದೆಂದಾಯಿತು. 2013ರ ಸ್ಕ್ಯಾನಿನಲ್ಲಿ ಅದು ಎರಡರಷ್ಟು ಬೆಳೆದಿತ್ತು. ಆ ಚಿಕಿತ್ಸೆ ಸುಲಭವಾಗಿ ಮುಗಿಯಲಿಲ್ಲ, ತಲೆಬುರುಡೆಯನ್ನೇ ತೆರೆಯಬೇಕಾಯಿತು. ಆದರೂ ಅವರು ಉಳಿದರು, ಮತ್ತೆ ವೃತ್ತಿಗೆ ಮರಳಿದರು.

ಯಾವ ಪರೀಕ್ಷೆ, ಯಾವಾಗ?

ಕಾಯಿಲ್ ಹಾಕಿದವರಿಗೆ ಸಾಮಾನ್ಯವಾಗಿ ಎಂ.ಆರ್. ಆಂಜಿಯೋಗ್ರಾಂ. ಇದರಲ್ಲಿ ಎಕ್ಸ್-ರೇ ವಿಕಿರಣವಿಲ್ಲ, ಸಿ.ಟಿ. ಚಿತ್ರದಲ್ಲಿ ಪ್ಲಾಟಿನಂ ಸುರುಳಿಯ ಸುತ್ತ ಬೆಳಕು ಚೆಲ್ಲಾಡಿ ಏನೂ ಕಾಣದಂತಾಗುತ್ತದೆ. ಕ್ಲಿಪ್ ಹಾಕಿದವರಿಗೆ ಇದರ ವಿರುದ್ಧ: ಎಂ.ಆರ್. ಚಿತ್ರದಲ್ಲಿ ಕ್ಲಿಪ್ಪಿನ ಸುತ್ತ ಕಪ್ಪು ಕಲೆ ಮೂಡುವುದರಿಂದ ಸಿ.ಟಿ. ಆಂಜಿಯೋಗ್ರಾಂ ಹೆಚ್ಚು ಉಪಯುಕ್ತ. ಸಂದೇಹ ಉಳಿದರೆ, ಅಥವಾ ಫ್ಲೋ ಡೈವರ್ಟರ್ ಇಟ್ಟಿದ್ದರೆ, ಕೊಳವೆ ತೂರಿಸಿ ಮಾಡುವ ಡಿ.ಎಸ್.ಎ. ಪರೀಕ್ಷೆ. ಮಿದುಳಿನ ಆಂಜಿಯೋಗ್ರಫಿಯನ್ನು 1927ರಲ್ಲಿ ಲಿಸ್ಬನ್ನಿನ ಎಗಾಸ್ ಮೊನಿಸ್ ಆರಂಭಿಸಿದರು. ಇಂದಿಗೂ ನಿಖರತೆಯಲ್ಲಿ ಅದೇ ಮೇಲು. ಪಾರ್ಶ್ವವಾಯುವಿನ ಸಣ್ಣ ಅಪಾಯ, ನೂರಕ್ಕೆ ಒಂದಕ್ಕಿಂತ ಕಡಿಮೆ, ಇರುವುದರಿಂದ ಅದನ್ನು ಅಗತ್ಯವಿದ್ದಾಗ ಮಾತ್ರ ಮಾಡುತ್ತಾರೆ.

ಕಾಲದ ವಿಚಾರದಲ್ಲಿ ಎಲ್ಲರಿಗೂ ಒಂದೇ ಲೆಕ್ಕವಿಲ್ಲ. ಬಹಳ ಕಡೆ ಆರು ತಿಂಗಳಿಗೆ ಮೊದಲನೆಯದು, ಒಂದೂವರೆ-ಎರಡು ವರ್ಷಕ್ಕೆ ಎರಡನೆಯದು, ಆ ಬಳಿಕ ಐದು ವರ್ಷದ ಆಸುಪಾಸಿನಲ್ಲಿ ಇನ್ನೊಂದು. ಉಬ್ಬು ದೊಡ್ಡದಾಗಿದ್ದರೆ, ಪೂರ್ತಿ ತುಂಬಿರದಿದ್ದರೆ ಇನ್ನೂ ಬೇಗ. ನಿಮ್ಮ ಬಿಡುಗಡೆ ಪತ್ರದಲ್ಲಿರುವುದೇ ನಿಮಗೆ ಪ್ರಮಾಣ.

ವರದಿಯ ಜೊತೆಗೆ ಹಿಂದಿನ ಚಿತ್ರಗಳ ಸಿ.ಡಿ.ಯನ್ನೂ ತಪ್ಪದೆ ಒಯ್ಯಿರಿ. ಇಂದಿನ ಚಿತ್ರವನ್ನು ಚಿಕಿತ್ಸೆ ಮುಗಿದ ದಿನದ ಚಿತ್ರದ ಪಕ್ಕದಲ್ಲಿಟ್ಟು ನೋಡಿದಾಗಲೇ ಬದಲಾವಣೆ ತಿಳಿಯುವುದು. ವರದಿಯಲ್ಲಿ ಮುಖ್ಯವಾಗಿ ಮೂರು ಬಗೆಯ ಉತ್ತರಗಳಿರುತ್ತವೆ: ಪೂರ್ತಿ ಮುಚ್ಚಿದೆ, ಕತ್ತಿನಲ್ಲಿ ಸ್ವಲ್ಪ ಉಳಿದಿದೆ, ಚೀಲದೊಳಗೆ ರಕ್ತ ಹರಿಯುತ್ತಿದೆ. ಎರಡನೆಯದು ಬಂದರೆ ಬಹಳ ಸಲ ಕಾದು ನೋಡುತ್ತಾರೆ. ಮೂರನೆಯದಕ್ಕೆ ಮರುಚಿಕಿತ್ಸೆಯ ಯೋಚನೆ ಬರುತ್ತದೆ.

ಎಂ.ಆರ್.ಐ. ಕೊಠಡಿಯ ಬಾಗಿಲಲ್ಲಿ

ಆ ಯಂತ್ರ ಬಲವಾದ ಅಯಸ್ಕಾಂತ. ಪ್ಲಾಟಿನಂ ಕಾಯಿಲ್ಲನ್ನು ಅದು ಸೆಳೆಯುವುದಿಲ್ಲ. ಇಂದಿನ ಟೈಟಾನಿಯಂ ಕ್ಲಿಪ್ಪುಗಳಿಗೂ ನಿಗದಿತ ಮಿತಿಯೊಳಗೆ ತೊಂದರೆಯಿಲ್ಲ. ದಶಕಗಳ ಹಿಂದಿನ ಕೆಲವು ಉಕ್ಕಿನ ಕ್ಲಿಪ್ಪುಗಳು ಮಾತ್ರ ಅಲುಗಿ ಪ್ರಾಣಾಪಾಯ ತರಬಲ್ಲವು. ಹಾಕಿದ ವಸ್ತು ಯಾವುದೆಂಬ ದಾಖಲೆಯಿಲ್ಲದೆ ಒಳಗೆ ಹೋಗಬೇಡಿ. ತಾಳಿ, ಕಾಲುಂಗುರ, ಕೂದಲಿನ ಪಿನ್ನು, ಕಿವಿಯಂತ್ರ ಎಲ್ಲವನ್ನೂ ಹೊರಗಿಡಬೇಕು. ಬಣ್ಣದ ದ್ರಾವಣ ಕೊಡುವುದಿದ್ದರೆ ಮೊದಲೇ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ; ಮೂತ್ರಪಿಂಡದ ತೊಂದರೆ, ಅಲರ್ಜಿ, ಮಧುಮೇಹದ ಮಾತ್ರೆಗಳ ವಿಷಯವನ್ನು ಮುಚ್ಚಿಡಬೇಡಿ.

ಈ ಬಾಗಿಲಲ್ಲಿಯೇ ನಮ್ಮ ಶಿಕ್ಷಕಿಯ ನಿಜವಾದ ಸಂಕಟ ಅಡಗಿತ್ತು. ಬಹಳ ಹೊತ್ತು ಮಾತಾಡಿದ ಮೇಲೆ ಹೇಳಿದರು: ಮೊದಲ ಸಲ ಅವಸರದಲ್ಲಿ ಕರಡಿಗೆಯನ್ನು ತೆಗೆಸಿ, ಕೈಚೀಲ, ಚಪ್ಪಲಿಗಳ ಜೊತೆ ಪೆಟ್ಟಿಗೆಯಲ್ಲಿ ಇರಿಸಿದ್ದರಂತೆ. ಆ ನೋವಿಗೆ ಅವರು ಎರಡನೆಯ ಸಲ ಹೋಗಿರಲಿಲ್ಲ. ಲಿಂಗವನ್ನು ಅಂಗದಿಂದ ಅಗಲಿಸಬಾರದೆಂಬ ನಿಷ್ಠೆಯುಳ್ಳವರ ಈ ಅಳುಕು ನನಗೆ ಅರ್ಥವಾಯಿತು. ಬೆಳ್ಳಿಯನ್ನು ಅಯಸ್ಕಾಂತ ಸೆಳೆಯದಿದ್ದರೂ ಕೊಂಡಿ, ಸರಪಳಿಗಳಲ್ಲಿ ಯಾವ ಲೋಹ ಬೆರೆತಿದೆಯೆಂದು ಹೇಳಲಾಗದು; ಲೋಹ ಬಿಸಿಯಾಗಬಹುದು, ಚಿತ್ರವೂ ಕೆಟ್ಟೀತು. ಪೂಜ್ಯರಲ್ಲಿ ಅರಿಕೆ ಮಾಡಿಕೊಂಡೆವು. ಸಂಕೋಚಪಡದೆ ಹೋಗಿಬನ್ನಿ ಎಂದು ಅಪ್ಪಣೆಯಾಯಿತು. ಪರೀಕ್ಷೆಯ ದಿನ ಅವರು ಕರಡಿಗೆಯನ್ನು ಮನೆಯಲ್ಲಿಯೇ ಬಿಟ್ಟು, ಇಷ್ಟಲಿಂಗವನ್ನು ಶುಭ್ರ ವಸ್ತ್ರದಲ್ಲಿ ಕಟ್ಟಿಕೊಂಡು ಹೋದರು. ಒಳಗಿದ್ದಷ್ಟು ಹೊತ್ತು ಮಗಳು ಅದನ್ನು ಅಂಗೈಯಲ್ಲಿ ಹಿಡಿದು ಹೊರಗೆ ಕುಳಿತಿದ್ದಳು.

ಆಯುರ್ವೇದ ಔಷಧ ಸೇವಿಸುವವರಿಗೆ

ಸ್ಟೆಂಟ್ ಅಥವಾ ಫ್ಲೋ ಡೈವರ್ಟರ್ ಇರುವವರು ಆಸ್ಪಿರಿನ್, ಕ್ಲೊಪಿಡೋಗ್ರೆಲ್ ಮಾತ್ರೆಗಳನ್ನು ಯಾರ ಮಾತು ಕೇಳಿಯೂ ತಾವಾಗಿ ನಿಲ್ಲಿಸಬಾರದು. ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಉಂಟಾದೀತು. ಗುಗ್ಗುಲು, ಬೆಳ್ಳುಳ್ಳಿಯ ಸಾರ ಮುಂತಾದವು ಆ ಮಾತ್ರೆಗಳ ಜೊತೆ ರಕ್ತಸ್ರಾವದ ಸ್ವಭಾವವನ್ನು ಹೆಚ್ಚಿಸಬಹುದು. ಅಡುಗೆಯಲ್ಲಿ ಬಳಸುವಷ್ಟಕ್ಕೆ ಭಯವಿಲ್ಲ. ಜ್ಯೇಷ್ಠಮಧುವನ್ನು ಬಹುಕಾಲ ಸೇವಿಸಿದರೆ ರಕ್ತದೊತ್ತಡ ಏರುತ್ತದೆ. ವಮನ, ನಸ್ಯ, ಶೀರ್ಷಾಸನ, ಕಪಾಲಭಾತಿಗಳನ್ನು ನರಶಸ್ತ್ರವೈದ್ಯರ ಒಪ್ಪಿಗೆಯಿಲ್ಲದೆ ಮಾಡಬೇಡಿ. ತೆರೆದುಕೊಂಡ ಉಬ್ಬನ್ನು ಮುಚ್ಚುವ ಕಷಾಯ ನನ್ನ ಬಳಿ ಇಲ್ಲ. ಇದೆಯೆಂದು ಹೇಳುವವರನ್ನು ನಂಬಬೇಡಿ. ಆಹಾರ, ನಿದ್ರೆ, ರಕ್ತದೊತ್ತಡದ ಹಿಡಿತ, ತಂಬಾಕಿನ ತ್ಯಾಗ ಇವುಗಳಲ್ಲಿ ನಮ್ಮ ಶಾಸ್ತ್ರ ಖಂಡಿತ ನೆರವಾಗುತ್ತದೆ.

ಸಿಡಿಲೆರಗಿದಂಥ ಹಠಾತ್ ತಲೆನೋವು, ಕುತ್ತಿಗೆ ಬಿಗಿತ, ವಾಂತಿ, ರೆಪ್ಪೆ ಜೋಲುವುದು, ಒಂದು ವಸ್ತು ಎರಡಾಗಿ ಕಾಣುವುದು, ಫಿಟ್ಸ್, ಪ್ರಜ್ಞೆ ತಪ್ಪುವುದು ಇವುಗಳಲ್ಲಿ ಯಾವುದು ಕಂಡರೂ ಸ್ಕ್ಯಾನಿನ ದಿನಾಂಕಕ್ಕೆ ಕಾಯಬೇಡಿ; ಕೂಡಲೇ 108ಕ್ಕೆ ಕರೆ ಮಾಡಿ. ರಕ್ತಸಂಬಂಧಿಗಳಲ್ಲಿ ಇಬ್ಬರು ಅಥವಾ ಹೆಚ್ಚು ಮಂದಿಗೆ ಈ ರೋಗವಿದ್ದರೆ ಉಳಿದವರೂ ತಪಾಸಣೆಯ ಬಗ್ಗೆ ವೈದ್ಯರನ್ನು ಕೇಳಬೇಕು.

ಶಿಕ್ಷಕಿಯ ವರದಿ ಬಂತು. ಉಬ್ಬಿನ ಕತ್ತಿನಲ್ಲಿ ಹಿಂದಿರದಿದ್ದ ಒಂದಿಷ್ಟು ಜಾಗ ತೆರೆದಿತ್ತು. ಈಗ ಚಿಕಿತ್ಸೆ ಬೇಡ, ವರ್ಷ ಬಿಟ್ಟು ಮತ್ತೆ ನೋಡೋಣ ಎಂದು ತಜ್ಞರು ಹೇಳಿದ್ದಾರೆ. ಅಷ್ಟೇ ಸುದ್ದಿ, ಆದರೆ ಈಗ ಆ ಜಾಗ ವೈದ್ಯರ ಕಣ್ಣಿನಲ್ಲಿದೆ. ಅವರು ಮನೆಯ ಗೋಡೆಯಲ್ಲಿರುವ ಮಠದ ದಿನದರ್ಶಿಕೆಯಲ್ಲಿ ಮುಂದಿನ ದಿನಾಂಕಕ್ಕೆ ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದಾರೆ. ನಾನೂ ನನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ. ಭಕ್ತಬಾಂಧವರ ಮನೆಗಳಲ್ಲಿ ಇಂಥ ಚಿಕಿತ್ಸೆಯಾದವರಿದ್ದರೆ, ಇಂದೇ ಆ ಹಳೆಯ ಕಡತವನ್ನು ಕಪಾಟಿನಿಂದ ತೆಗೆದು, ಬಾಕಿಯಿರುವ ದಿನಾಂಕವನ್ನು ನೋಡಿರೆಂದು ಬೇಡಿಕೊಳ್ಳುತ್ತೇನೆ.